ಮೂರನೆಯ ಚೌಕಟ್ಟಿನ ಹುಡುಗ

ಮಠದ ವೆಬ್‌ಸೈಟಿಗೆಂದು ನಯನ ಇಳಿಸಿಕೊಂಡ ಹೊಸ ಥೀಮು ಪರದೆಯ ಮೇಲೆ ತೆರೆದುಕೊಂಡಾಗ ಅದರಲ್ಲಿ ಮಠದ ಸುಳಿವೇ ಇರಲಿಲ್ಲ. ಮೇಲುಗಡೆ ಒಂದು ಸಮುದ್ರದ ದಂಡೆ, ಅದರ ಕೆಳಗೆ ಹೊಗೆಯಾಡುವ ಕಾಫಿ ಬಟ್ಟಲು, ಇನ್ನೂ ಕೆಳಗೆ ಮೂರು ಚೌಕಟ್ಟುಗಳಲ್ಲಿ ಕೋಟು ತೊಟ್ಟ ಮೂವರು ಬಿಳಿಯರು ಹಲ್ಲು ಬಿಟ್ಟು ನಗುತ್ತಿದ್ದರು. ಅವರ ಅಡಿಯಲ್ಲಿದ್ದ ಬರಹ ಇಂಗ್ಲಿಷಿನಂತೆ ಕಂಡರೂ ಇಂಗ್ಲಿಷಲ್ಲ. ಓದಿದರೆ ನಾಲಿಗೆ ಹೊರಳುತ್ತಿತ್ತು, ಅರ್ಥ ಹುಟ್ಟುತ್ತಿರಲಿಲ್ಲ. ಸೈಟು ಮುಂದೆ ಹೇಗೆ ಕಾಣುತ್ತದೆಂದು ತೋರಿಸಲು ಥೀಮು ಮಾಡಿದವರೇ ತುಂಬಿಟ್ಟ ಸ್ಯಾಂಪಲ್ ಅದು. ಗೋಡೆ ಬಾಗಿಲು ನಿಮ್ಮವು, ಒಳಗಿನ ಸಾಮಾನು ತೆಗೆದು ನಿಮ್ಮದನ್ನು ಇಟ್ಟುಕೊಳ್ಳಿ ಎಂಬ ಲೆಕ್ಕ.

ಅವಳ ಕುರ್ಚಿಯ ಹಿಂದೆ ನಿಂತಿದ್ದ ಗುರುಮಲ್ಲಪ್ಪನವರು ಕನ್ನಡಕ ಸರಿಮಾಡಿಕೊಂಡರು. ಅವರು ಅರಳಿಕಟ್ಟೆ ಮಠದ ಪಾರುಪತ್ತೇಗಾರರು. ಮಠದ ಅಕ್ಕಿ ಬೇಳೆಯಿಂದ ಹಿಡಿದು ಅಲ್ಲಿನ ಹಾಸ್ಟೆಲಿನ ಹುಡುಗರ ಪರೀಕ್ಷೆಯವರೆಗೆ ಎಲ್ಲದರ ಯಜಮಾನಿಕೆ ಅವರದೇ.

"ಇವರ್ಯಾರವ್ವಾ, ನಮ್ಮ ಮಠದಲ್ಲಿ ನಕ್ಕೊಂಡು ಕೂತವ್ರಲ್ಲ?" ಎಂದರು.

ನಯನ ವಿವರಿಸಿದಳು. ಅವರಿಗೆ ಅರ್ಥವಾಗಲಿಲ್ಲ ಎನ್ನುವುದಕ್ಕಿಂತ ಮನಸ್ಸಿಗೆ ಒಗ್ಗಲಿಲ್ಲ. ಈ ನಗುವವರ ಜಾಗದಲ್ಲಿ ಸ್ವಾಮಿಗಳನ್ನು ಊಹಿಸಿಕೊಳ್ಳುವುದು ತಮ್ಮಿಂದಾಗದು, ನಮ್ಮದೇ ಏನನ್ನಾದರೂ ತುಂಬಿ ತೋರಿಸು, ತಿ. ನರಸೀಪುರದ ಸೋಮಶೇಖರಪ್ಪನವರು ಅಲ್ಲೇ ಸೈಬರ್ ಸೆಂಟರಿನಲ್ಲಿ ನೋಡಿ ಒಪ್ಪಲಿ, ಆಮೇಲೆ ಮುಂದಿನದು ಎಂದರು. ಸೋಮಶೇಖರಪ್ಪನವರು ಮಠದ ಟ್ರಸ್ಟಿಗಳಲ್ಲಿ ದೊಡ್ಡವರು. ಊರಿನ ಗೊಬ್ಬರದಂಗಡಿ ಅವರದು. ವೆಬ್‌ಸೈಟು ಮಾಡಿಸಬೇಕೆಂಬ ಆಸೆಯೂ ಅವರದೇ.

ಎರಡು ಸಾವಿರದ ಎಂಟನೆಯ ಇಸವಿಯ ಕಾರ್ತಿಕ ಮಾಸ. ನಂಜನಗೂಡಿನ ಬಸ್‌ಸ್ಟ್ಯಾಂಡ್ ಹಿಂದಿನ ಮಹಡಿಯ ಮೇಲೆ ನಯನ ಕೆಲಸ ಮಾಡುತ್ತಿದ್ದ ಡಿಟಿಪಿ ಸೆಂಟರಿನ ಅನ್ನ ನಡೆಯುತ್ತಿದ್ದುದು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡುಗಳಿಂದ. ವೆಬ್‌ಸೈಟು ಅವಳಿಗೆ ಹೊಸದು. ಮೈಸೂರಿಗೆ ಓಡಾಡಿ ಕಲಿತ ವಿದ್ಯೆಯನ್ನು ಮೊದಲು ಗುರುಸೇವೆಗೆ ಹಚ್ಚುತ್ತೇನೆಂದು ಅವಳೇ ಒಪ್ಪಿಕೊಂಡಿದ್ದಳು. ಅವಳ ಮನೆಯಲ್ಲಿ ಬೆಳಗಿನ ಕಾಫಿಗೆ ಮುಂಚೆ ತಂದೆಯ ಬಾಯಿಂದ ನಾಲ್ಕು ವಚನವಾದರೂ ಕಿವಿಗೆ ಬೀಳದೆ ದಿನ ಶುರುವಾಗುತ್ತಿರಲಿಲ್ಲ. ಮಠವೆಂದರೆ ಅವಳಿಗೆ ಮನೆಯಷ್ಟೇ ಸಲಿಗೆ, ಮನೆಗಿಂತ ಹೆಚ್ಚು ಭಯ.

ಕಾರ್ಡು ಮಾಡುವವರು ಬರಿದಾದ ಹಾಳೆಯಿಂದ ಶುರುಮಾಡುವುದಿಲ್ಲ. ಹೋದ ವಾರದ್ದೊಂದು ಅದೇ ಜಾತಿಯ ಕಾರ್ಡು ತೆಗೆದು, ಅದರ ಮ್ಯಾಟರ್ ಹಾಗೇ ಇಟ್ಟುಕೊಂಡು ಹೆಸರು ಬದಲಾಯಿಸುವುದು ಕೈಗೆ ಕೂತ ರೂಢಿ. ನಯನ ಹಾಗೇ ಮಾಡಿದಳು. ಚಾಮರಾಜನಗರದ ಕಡೆಯ ಒಂದು ಮಠದ ಆಹ್ವಾನಪತ್ರಿಕೆಯನ್ನು ಅವಳು ಈಚೆಗಷ್ಟೇ ಮಾಡಿ ಮುಗಿಸಿದ್ದಳು. ಅದರ ಮ್ಯಾಟರ್ ಎತ್ತಿ ಥೀಮಿನೊಳಗೆ ಅಂಟಿಸಿದಳು. ಮೊದಲನೆಯ ಚೌಕಟ್ಟಿಗೆ ಲಿಂಗೈಕ್ಯರಾದ ಹಿರಿಯ ಗುರುಗಳ ಪಟ, ಎರಡನೆಯದಕ್ಕೆ ಈಗಿನ ಸ್ವಾಮಿಗಳು. ಮೂರನೆಯದರ ಕೆಳಗೆ, ಆ ಇನ್ನೊಂದು ಮಠದ ಕಾರ್ಡಿನಲ್ಲಿದ್ದಂತೆಯೇ, "ಕಿರಿಯ ಶ್ರೀಗಳು, ಉತ್ತರಾಧಿಕಾರಿಗಳು. ಎಳವೆಯಲ್ಲಿಯೇ ಲಿಂಗಪೂಜೆಯಲ್ಲಿ ನೆಲೆಗೊಂಡ ಮನಸ್ಸಿನವರು" ಎಂಬ ಸಾಲು ಬಂದು ಕೂತಿತು.

ಅರಳಿಕಟ್ಟೆ ಮಠಕ್ಕೆ ಉತ್ತರಾಧಿಕಾರಿಯೇ ಇರಲಿಲ್ಲ. ಆದರೆ ಚೌಕಟ್ಟಿಗೆ ಪಟ ಹಾಕದಿದ್ದರೆ ಕೋಟಿನವನು ಮತ್ತೆ ಬಂದು ನಗುತ್ತಿದ್ದ. ನಯನ ತಾನೇ ಮಠದಲ್ಲಿ ತೆಗೆದುಕೊಂಡು ಬಂದಿದ್ದ ಫೋಟೋಗಳನ್ನು ತಿರುವಿದಳು. ಹಾಸ್ಟೆಲಿನ ಹುಡುಗರು ಸಾಲಾಗಿ ಕೂತು ಲಿಂಗಪೂಜೆ ಮಾಡುವ ಫೋಟೋಗಳು. ಉಳಿದವರೆಲ್ಲ ಕ್ಯಾಮರಾ ಕಡೆ ಕಳ್ಳನೋಟ ಬೀರಿದ್ದರು. ಒಬ್ಬ ಮಾತ್ರ ಎಡಗೈಯ ಲಿಂಗದ ಮೇಲೆ ನೆಟ್ಟ ಕಣ್ಣು ಕೀಳದೆ ಕೂತಿದ್ದ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಆ ಮುಖ ಚೌಕಟ್ಟಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಬಿಟ್ಟಿತು.

ಸ್ಯಾಂಪಲ್ ಎಂದು ಎಲ್ಲಿಯೂ ಬರೆಯಬೇಕೆಂದು ಅವಳಿಗೆ ಹೊಳೆಯಲಿಲ್ಲ. ಕಾರ್ಡಿನ ಪ್ರೂಫ್ ತೆಳು ಕಾಗದದ ಮೇಲೆ ಕಪ್ಪು ಬಿಳುಪಿನಲ್ಲಿ ಹೋಗುತ್ತದೆ, ಕೆಂಪು ಪೆನ್ನಿನ ಗೀಟು ಹೊತ್ತು ವಾಪಸ್ಸು ಬರುತ್ತದೆ. ಅದನ್ನು ಯಾರೂ ಕಾರ್ಡೆಂದು ತಿಳಿಯುವುದಿಲ್ಲ. ಪರದೆಯ ಮೇಲೆ ಪ್ರೂಫಿಗೂ ಕಾರ್ಡಿಗೂ ಒಂದೇ ಬಣ್ಣ, ಒಂದೇ ಹೊಳಪು. ಶನಿವಾರ ಸಂಜೆ ಸೋಮಶೇಖರಪ್ಪನವರಿಗೆ ಫೋನಿನಲ್ಲಿ ಸೈಟಿನ ವಿಳಾಸ ಹೇಳಿ, ನೋಡಿ ತಿಳಿಸಿ ಎಂದಷ್ಟೇ ಅಂದು ಬಾಗಿಲು ಹಾಕಿಕೊಂಡು ಹೋದಳು. ಭಾನುವಾರ ರಜೆ. ಸೋಮವಾರ ದಿನವಿಡೀ ಕರೆಂಟಿರಲಿಲ್ಲ.

ಮಂಗಳವಾರ ಸೆಂಟರು ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ನಲವತ್ತರ ಆಸುಪಾಸು, ಚಪ್ಪಲಿಯನ್ನು ಕೆಳಗೇ ಬಿಟ್ಟು ಬಂದಿದ್ದಳು. ಒಳಗೆ ಬಂದವಳೇ ಸೆರಗಿನಲ್ಲಿ ಸುತ್ತಿದ್ದ ಒಂದು ಹಾಳೆಯನ್ನು ಬಿಚ್ಚಿ ಕೀಬೋರ್ಡಿನ ಪಕ್ಕ ಇಟ್ಟಳು.

ಲ್ಯಾಮಿನೇಷನ್ ಮಾಡಿದ ಬಣ್ಣದ ಪ್ರಿಂಟು. ಸುತ್ತಲೂ ಯಾವುದೋ ಸ್ಟುಡಿಯೋದವರು ಸೇರಿಸಿದ ಹೂಬಳ್ಳಿ. ನಡುವೆ ಅದೇ ಹುಡುಗ, ಅದೇ ನೆಟ್ಟ ನೋಟ. ಕೆಳಗೆ ಅವಳೇ ಆರಿಸಿದ ಅಕ್ಷರದಲ್ಲಿ ಅವಳೇ ಅಂಟಿಸಿದ ಸಾಲು, ಒಂದು ಚುಕ್ಕೆಯೂ ಆಚೀಚೆಯಾಗದೆ. ಹುಡುಗನ ಪಾದವಿರಬೇಕಾದ ಕಡೆ ಯಾರೋ ಕುಂಕುಮ ಹಚ್ಚಿದ್ದರು.

"ನೀನೇಯೇನವ್ವಾ ಇದ ಬರ್ದವ್ಳು?" ಎಂದಳು ಹೆಂಗಸು. ದನಿಯಲ್ಲಿ ಜಗಳವಿರಲಿಲ್ಲ. "ನಾನು ಇವನ ತಾಯಿ."

ಹೆಸರು ಮಂಗಳಮ್ಮ. ತಿ. ನರಸೀಪುರದಿಂದ ಒಂದು ಬಸ್ಸು ಹಿಡಿದರೆ ಸಿಗುವ ಹಳ್ಳಿ. ನಯನ ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು, ನಡೆದದ್ದನ್ನು ಒಂದೊಂದೇ ಹೇಳಿದಳು. ಭಾನುವಾರ ಸಂಜೆ ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿದ್ದವರು ಅತ್ತಿತ್ತ ಸರಿದು ದಾರಿ ಬಿಟ್ಟರು. ಯಾವತ್ತೂ ಹಾಲಿಗೆ ನೀರು ಬೆರೆಸಿದ್ದೀಯ ಎಂದು ರೇಗಿಸುವ ಸೆಕ್ರೆಟರಿ ಎದ್ದು ನಿಂತು, ಅವಳದನ್ನೇ ಮೊದಲು ಅಳೆದ. ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ, ತನಗೆ ಹೇಳಲಾರದೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡಳಂತೆ. ಆಮೇಲೆ ಪಟ ತೋರಿಸಿದರು. ಗೊಬ್ಬರದಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಆಗಲೇ ಒಂದು ತೂಗುಹಾಕಿದೆ, ಕೇಳಿದವರಿಗೆಲ್ಲ ಸ್ಟುಡಿಯೋದವನು ತೆಗೆದುಕೊಡುತ್ತಿದ್ದಾನೆ, ನಿನ್ನ ಹೊಟ್ಟೆ ಪಾವನವಾಯಿತು ಎಂದರು. ಗಂಡ ಮಾದಯ್ಯನೂ ಒಂದು ತಂದು ದೇವರ ಗೂಡಿನಲ್ಲಿಟ್ಟ. ಸೋಮವಾರ ಬೆಳಗ್ಗೆ ಎದ್ದು ನೋಡಿದರೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಹೆತ್ತ ಮಗನ ಪಟಕ್ಕೆ ಉದ್ದಕ್ಕೂ ಅಡ್ಡಬಿದ್ದಿದ್ದ.

"ಇನ್ಮೇಲೆ ಅವನ್ನ ಲೇ ಅನ್ಬ್ಯಾಡ ಅಂದ್ರು ಕಣವ್ವ, ನಮ್ಮೆಜಮಾನ್ರು. ಮಠಕ್ಕೋದ್ರೆ ನೀನೂ ಅಡ್ಡಬೀಳು ಅಂದ್ರು."

ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಅವಳು ಮಠಕ್ಕೇ ಹೋಗಿದ್ದಳು, ಈ ಸೆಂಟರಿನ ವಿಳಾಸ ಸಿಕ್ಕಿದ್ದೂ ಅಲ್ಲೇ. ಮಗ ಉಳಿದ ಹುಡುಗರ ಸಾಲಿನಲ್ಲಿರಲಿಲ್ಲ. ಅವನನ್ನು ಬೇರೆಯಾಗಿ ಕಂಬಳಿ ಹಾಸಿ ಒಬ್ಬನನ್ನೇ ಕೂರಿಸಿದ್ದರು. ಮುಂದೆ ತಟ್ಟೆಯಲ್ಲಿ ಹಣ್ಣು. ಅವಳನ್ನು ಕಂಡು ಅವನ ಕಣ್ಣರಳಿತು. ಕರೆಯೋಣವೆಂದು ಇವಳು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ನೆಲಕ್ಕೆ ಹಣೆ ಮುಟ್ಟಿಸಿದಳು.

"ಎಸ್ರೇ ಬಾಯಿಗೆ ಬರ್ನಿಲ್ಲ," ಎಂದಳು ಮಂಗಳಮ್ಮ. ಲೋಟ ಕೆಳಗಿಟ್ಟು, "ಓದ್ಲಿ ಅಂತ ಬುಟ್ಟಿದ್ದೆ ಕಣವ್ವಾ. ಕೊಟ್ಟಿರ್ನಿಲ್ಲ" ಎಂದಳು.

ಮಠಕ್ಕೆ ಮಗನನ್ನು ಕೊಡುವುದೆಂದರೇನೆಂದು ನಯನಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೊಟ್ಟ ಮೇಲೆ ಅವನಿಗೆ ಮನೆಯಿಲ್ಲ, ಹುಟ್ಟಿನ ಹೆಸರಿಲ್ಲ. ಹೆತ್ತವರು ಪೂರ್ವಾಶ್ರಮದವರು, ಬಂದರೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಪಾದ ಮುಟ್ಟಿ ಹೋಗಬೇಕು. ಒಪ್ಪಿ ಕೊಟ್ಟ ತಾಯಂದಿರನ್ನು ಅವಳು ಕಂಡಿದ್ದಳು. ಅವರ ಮುಖದಲ್ಲೂ ನೋವಿನ ಒಂದು ಗೆರೆ ಹಾಗೇ ಉಳಿದಿರುತ್ತಿತ್ತು. ಈ ತಾಯಿಯಿಂದ ಕಿತ್ತುಕೊಂಡದ್ದು ತನ್ನ ಎರಡು ಕ್ಲಿಕ್ಕು.

ಅವಳು ಸೈಟನ್ನು ತೆರೆದು ಮಂಗಳಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಇದು ನಿಜವಲ್ಲಮ್ಮಾ, ತೋರಿಸಲು ಹಾಕಿದ್ದು ಎಂದು ಹೇಳುತ್ತ ಹುಡುಗನ ಪಟವನ್ನು ತೆಗೆದಳು. ಕೋಟಿನವನು ಬಂದು ನಕ್ಕ. ಮಂಗಳಮ್ಮ ಬೆಚ್ಚಿ ಹಿಂದಕ್ಕೆ ಸರಿದಳು.

"ಇಷ್ಟೇಯಾ?"

"ಇಷ್ಟೇ ಅಮ್ಮಾ."

"ಅಂಗಾರೆ ಈಗ ನನ್ ಮಗ ಸ್ವಾಮಿ ಅಲ್ವಾ?"

ನಯನ ಮೇಜಿನ ಮೇಲೆ ಹೊಳೆಯುತ್ತ ಬಿದ್ದಿದ್ದ ಲ್ಯಾಮಿನೇಷನ್ ಹಾಳೆಯನ್ನು ನೋಡಿದಳು. ಅದನ್ನು ಅಳಿಸುವ ಬಟನ್ನು ಯಾವ ಕೀಬೋರ್ಡಿನಲ್ಲೂ ಇರಲಿಲ್ಲ.

ಗುರುಮಲ್ಲಪ್ಪನವರಿಗೆ ಫೋನು ಮಾಡಿದಳು. ತಪ್ಪಾಗಿದೆ, ತೆಗೆದಿದ್ದೇನೆ, ಎಲ್ಲರಿಗೂ ತಿಳಿಸಿಬಿಡಿ ಎಂದು ಒಂದೇ ಉಸಿರಿಗೆ ಹೇಳಿದಳು. ಆ ಕಡೆಯಿಂದ ಮಾತು ತಡೆದು ತಡೆದು ಬಂತು. ಅದು ಬರಿಯ ನಮೂನೆಯೆಂದು ತಮಗೆ ಭಾನುವಾರವೇ ಗೊತ್ತು ಎಂದರು ಅವರು. ಸ್ವಾಮಿಗಳೇ ಹುಡುಗನನ್ನು ಆರಿಸಿದ್ದಾರೆಂದು ತಿಳಿದು ಪಟ ತೆಗೆಸಿದ್ದ ಸೋಮಶೇಖರಪ್ಪನವರಿಗೂ ಹೇಳಿದ್ದಾಯಿತಂತೆ. ಒಬ್ಬ ಮರಿಸ್ವಾಮಿಯನ್ನು ಮಾಡಿಕೊಳ್ಳಿ ಬುದ್ಧಿ ಎಂದು ಟ್ರಸ್ಟಿಗಳು ಎಷ್ಟೋ ವರ್ಷದಿಂದ ಸ್ವಾಮಿಗಳ ಬೆನ್ನು ಬಿದ್ದಿದ್ದರೂ ಅವರು ಒಂದು ಮಾತೂ ಆಡಿರಲಿಲ್ಲ. ಈಗ ಭಕ್ತರೇ ತಾವಾಗಿ ಒಪ್ಪಿ ಅಡ್ಡಬಿದ್ದಿದ್ದಾರೆ. ಹುಡುಗನ ತಂದೆಯೂ ಬರುತ್ತಿದ್ದಾನೆ. ಈ ಮಧ್ಯಾಹ್ನವೇ ಹಣ್ಣು ಶಾಲು ಇಟ್ಟು ಕೇಳಿಬಿಡುವುದೆಂದು ತೀರ್ಮಾನವಾಗಿದೆ.

"ನೀನು ಬಾಯಿ ಬುಡಬ್ಯಾಡ ಕಣವ್ವ. ಶಿವ ನಿನ್ನ ಕೈಲಿ ಬರಸವ್ನೆ."

ಆ ಮಾತು ಅವಳನ್ನು ಒಂದು ಗಳಿಗೆ ಹಿಡಿದು ನಿಲ್ಲಿಸಿತು. ಹೀಗೂ ಇರಬಹುದೇ? ಇಷ್ಟು ಫೋಟೋಗಳಲ್ಲಿ ಅದೊಂದೇ ಮುಖ ಕೈಗೆ ಬಂದದ್ದೇಕೆ? ಸಣ್ಣವಳಿದ್ದಾಗಿನಿಂದ ಕೇಳಿದ ಕಥೆಗಳೆಲ್ಲ ಇಂಥ ಕಡೆಯಲ್ಲೇ ದೇವರನ್ನು ತಂದು ನಿಲ್ಲಿಸುತ್ತಿದ್ದವು. ಮರುಗಳಿಗೆಗೆ ನೆನಪಾಯಿತು: ಆ ಸಾಲು ಬಂದದ್ದು ಚಾಮರಾಜನಗರದ ಕಾರ್ಡಿನಿಂದ. ಶಿವನಿಗೆ ಬರೆಸುವುದೇ ಇದ್ದಿದ್ದರೆ ಇನ್ನೊಂದು ಮಠದ ಮ್ಯಾಟರ್ ಕದಿಯುವ ಗತಿಯೇನಿತ್ತು? ಅವಳು ಸೈಟಿನ ಪುಟವನ್ನು, ಕೋಟಿನವನು ಕೂತಿದ್ದ ಹಾಗೆಯೇ, ಪ್ರಿಂಟು ತೆಗೆದುಕೊಂಡಳು. ಬಾಗಿಲು ಹಾಕಿ ಮಂಗಳಮ್ಮನ ಜೊತೆ ಮೆಟ್ಟಿಲಿಳಿದಳು.

ಮಠವಿರುವುದು ಕಪಿಲೆಯ ದಂಡೆಯ ಮೇಲೆ. ಪಡಸಾಲೆಯಲ್ಲಿ ಕೂತರೆ ಹೊಳೆಯ ಗಾಳಿ ಬೆನ್ನಿಗೆ ಬೀಸುತ್ತದೆ. ಇವರು ಹೋಗುವ ಹೊತ್ತಿಗೆ ಅಲ್ಲಿ ಜನ ತುಂಬಿದ್ದರು. ಸ್ವಾಮಿಗಳು ಮಣೆಯ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರದ ಬಡಕಲು ಶರೀರ, ಒಂದು ಕಿವಿ ಮಂದ. ಎದುರಿಗೆ ಹಣ್ಣಿನ ತಟ್ಟೆ, ಮಡಿಸಿಟ್ಟ ಕಾವಿ ಶಾಲು. ತಟ್ಟೆಯ ಪಕ್ಕದಲ್ಲಿ ಸೋಮಶೇಖರಪ್ಪನವರು, ಅವರ ಹಿಂದೆ ಕೈಮುಗಿದುಕೊಂಡು ಮಾದಯ್ಯ. ಬಲಗಡೆಯ ಕಂಬಳಿಯ ಮೇಲೆ ಹುಡುಗ, ಮಹಾದೇವಸ್ವಾಮಿ, ಒಂಬತ್ತನೆಯ ಕ್ಲಾಸಿನವನು. ಕೆಮ್ಮಿದರೂ ಯಾರಾದರೂ ಕೈಮುಗಿದುಬಿಡುತ್ತಾರೇನೋ ಎಂಬಂತೆ ಉಸಿರು ಬಿಗಿಹಿಡಿದಿದ್ದ.

ಸೋಮಶೇಖರಪ್ಪನವರು ಮಾತು ಮುಗಿಸುತ್ತಿದ್ದರು. ಭಕ್ತರ ಮನಸ್ಸಿನಲ್ಲಿ ಹುಡುಗ ಆಗಲೇ ಕೂತುಬಿಟ್ಟಿದ್ದಾನೆ, ಬುದ್ಧಿಯವರು ಒಂದು ಹೂಂ ಎನ್ನುವುದಷ್ಟೇ ಬಾಕಿ ಎಂದರು. ಸ್ವಾಮಿಗಳು ತೊಡೆಯ ಮೇಲಿನ ಲ್ಯಾಮಿನೇಷನ್ ಹಾಳೆಯನ್ನು ನೋಡುತ್ತಿದ್ದರು.

ನಯನ ಆ ಪಡಸಾಲೆಯಲ್ಲಿ ಗಂಡಸರ ನಡುವೆ ಎದ್ದು ಮಾತಾಡಿದವಳಲ್ಲ. ಅಂದು ಗುರುಮಲ್ಲಪ್ಪನವರು ಬೇಡವೆಂದು ಕಣ್ಣು ಬಿಡುತ್ತಿದ್ದರೂ ಮುಂದೆ ಬಂದು ಅಡ್ಡಬಿದ್ದು, ಅದು ನಾನು ಮಾಡಿದ್ದು ಬುದ್ಧಿ, ಸ್ಯಾಂಪಲ್ಲು, ಗುರುಮಲ್ಲಪ್ಪನೋರಿಗೂ ಗೊತ್ತು ಎಂದಳು. ಯಾರೋ ಹಿಂದಿನಿಂದ ಶ್ ಎಂದರು. ಸ್ವಾಮಿಗಳು ಚೆನ್ನಾಗಿರುವ ಕಿವಿಯನ್ನು ಅವಳ ಕಡೆ ತಿರುಗಿಸಿದರು.

"ಹಾಗಂದ್ರೇನು ಮಗಾ? ನಮಗೆ ತಿಳಿಯೋ ಹಾಗೆ ಹೇಳು."

"ಜಾಗ ಬರಿದಾಗಿ ಕಾಣಬಾರದು ಅಂತ, ನಿಜವಾದ್ದು ಬರೋವರೆಗೂ ಯಾವುದಾದ್ರೂ ಒಂದನ್ನ ಇಟ್ಟಿರ್ತೀವಿ ಬುದ್ಧಿ."

"ನಿಜವಾದ್ದು ಬರದೇ ಹೋದ್ರೆ?"

ನಯನ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಟ್ಟಿದ್ದೇ ಉಳ್ಕೊಂಡ್ಬಿಡುತ್ತೆ, ಬುದ್ಧಿ."

ಸ್ವಾಮಿಗಳ ಕಣ್ಣು ಹುಡುಗನ ಮೇಲೆ ಹೋಯಿತು, ಅಲ್ಲಿಂದ ಬಾಗಿಲಲ್ಲಿ ನಿಂತಿದ್ದ ಮಂಗಳಮ್ಮನ ಮೇಲೆ ಬಂತು. ಆಮೇಲೆ ಅವರು ಆಡಿದ ಮಾತು ದೊಡ್ಡ ದನಿಯದೇನಲ್ಲ. ಆದರೂ ಪಡಸಾಲೆಯ ಕೊನೆಯವರೆಗೂ ಕೇಳಿಸಿತು.

"ನಾನೂ ಇದೇನೆ."

ಸ್ವಾಮಿಗಳ ಬಾಯಲ್ಲಿ ನಾನು ಎಂಬುದನ್ನು ಮಠ ಕೇಳಿದ್ದು ಅದೇ ಮೊದಲು. ಸೋಮಶೇಖರಪ್ಪನವರ ತುಟಿಯ ಮೇಲಿದ್ದ ನಗೆ ಅಲ್ಲೇ ಉಳಿದುಹೋಯಿತು, ತೆಗೆಯುವುದನ್ನು ಮರೆತ ಹಾಗೆ.

ಸ್ವಾಮಿಗಳು ಊರವರ ಕಥೆ ಹೇಳುವಷ್ಟೇ ತಣ್ಣಗೆ ಹೇಳಿದರು. ಈ ಪೀಠಕ್ಕೆ ಗೊತ್ತಾಗಿದ್ದ ಹುಡುಗ ಬೇರೆ. ಪಟ್ಟಾಧಿಕಾರದ ದಿನ ಬೆಳಗಿನ ಜಾವ ಅವನಿಗೆ ಮೈಮೇಲೆ ಸಿಡುಬಿನ ಗುಳ್ಳೆ ಎದ್ದವು. ಸುತ್ತಲ ಮಠಗಳ ಗುರುಗಳೆಲ್ಲ ಬಂದು ಕೂತಾಗಿತ್ತು, ಮುಹೂರ್ತ ಮೀರುತ್ತಿತ್ತು, ಪೀಠ ಬರಿದಾಗಿರಬಾರದು. ಪೂಜೆಗೆ ಬಿಲ್ವಪತ್ರೆ ತಂದು ಕೊಡುತ್ತಿದ್ದ ಹೊಳೆಯಾಚೆಯ ಹುಡುಗನೊಬ್ಬನನ್ನು ಹಿಡಿದು ಮೀಯಿಸಿದರು. ಮುಹೂರ್ತ ಮುಗಿಯೋವರೆಗೂ ಕೂತಿರು ಮಗಾ, ಆಮೇಲೆ ಎದ್ದು ಹೋಗುವೆಯಂತೆ ಎಂದರು. ಗುಳ್ಳೆ ಎದ್ದ ಹುಡುಗ ಉಳಿಯಲಿಲ್ಲ. ಕೂರಿಸಿದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದರು.

"ಎದ್ದೋಗು ಅಂತ ಯಾರೂ ಹೇಳಲಿಲ್ಲ. ನಮ್ಮವ್ವ ಕರ್ಕೊಂಡು ಹೋಗೋಕೆ ಬಂದ್ಲು, ಬುತ್ತಿ ಕಟ್ಕೊಂಡು. ಅಡ್ಡಬೀಳು ಅಂತ ಯಾರೋ ಅಂದ್ರು. ಬಿದ್ದಳು. ಬುತ್ತಿ ಮೆಟ್ಟಿಲ ಮೇಲೆ ಇಟ್ಟು ಹೊರಟುಹೋದ್ಲು." ತೊಡೆಯ ಮೇಲಿನ ಹಾಳೆಯನ್ನು ಪಕ್ಕಕ್ಕಿಟ್ಟು, "ಕೂತ ಮೇಲೆ ಕೂತೆ. ಪೂಜೆ ತಪ್ಪಿಸಲಿಲ್ಲ, ಹಸಿದು ಬಂದವರನ್ನ ಹಾಗೇ ಕಳಿಸಲಿಲ್ಲ. ಆದರೆ ಇನ್ನೊಂದು ಹುಡುಗನ್ನ ಹೀಗೆ ಕೂರಿಸು ಅಂದ್ರೆ ನನ್ನ ಕೈಲಾಗದು" ಎಂದರು.

ಗುರುಮಲ್ಲಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಮೂವತ್ತು ವರ್ಷ ಇದೇ ಪಾದಕ್ಕೆ ನೀರೆರೆದವರು, ಈಗ ಆ ಪಾದವನ್ನು ಹೊಸದಾಗಿ ನೋಡುತ್ತಿದ್ದರು.

"ತಾಯಿ," ಎಂದರು ಸ್ವಾಮಿಗಳು ಬಾಗಿಲ ಕಡೆಗೆ. "ಕರಿ ನಿನ್ನ ಮಗನ್ನ. ಹೆಸರು ಹಿಡಿದು ಕರಿ."

ಮಂಗಳಮ್ಮ ಗಂಡನ ಕಡೆ ನೋಡಿದಳು. ಮಾದಯ್ಯ ತಲೆಯೆತ್ತಲಿಲ್ಲ, ಮುಗಿದ ಕೈಯನ್ನು ಮಾತ್ರ ಮೆಲ್ಲಗೆ ಬಿಟ್ಟ. ಅವಳು ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೆಯ ಸಲಕ್ಕೆ ದನಿ ಒಡೆದು ಬಂತು.

"ಲೇ ಮಾದೇವಾ, ಏಳ್ಲಾ. ಬಸ್ಸು ಒಂಟೋಯ್ತದೆ."

ಹುಡುಗ ದಡಕ್ಕನೆ ಎದ್ದ. ಕೂತೂ ಕೂತೂ ಕಾಲು ಜೋಮು ಹಿಡಿದಿತ್ತು. ಕುಂಟುತ್ತಾ ಬಂದು ತಾಯಿಯ ಮುಂದೆ ನಿಂತು, ಎಲ್ಲರೂ ನೋಡುತ್ತಿದ್ದಾರೆಂಬ ಸಂಕೋಚಕ್ಕೆ ಅವಳನ್ನು ಮುಟ್ಟಲಾರದೆ, "ನಾಳೆ ಗಣಿತದ ಟೆಸ್ಟ್ ಅದೆ ಕಣವ್ವಾ" ಎಂದ.

ಮಂಗಳಮ್ಮ ಅವನ ಹಣೆಯ ವಿಭೂತಿ ಅಳಿಸದ ಹಾಗೆ ಕೂದಲನ್ನು ಹಿಂದಕ್ಕೆ ತಳ್ಳಿದಳು. "ಬರ್ದು ಬಾ ಮತ್ತೆ," ಎಂದಳು. "ಸನಿವಾರ ನಾನೇ ಬಂದು ಕರ್ಕೊಂಡೋಯ್ತೀನಿ."

"ಆ ಕಂಬಳಿ ಮಡಚಿಡ್ರಪ್ಪಾ," ಎಂದರು ಸ್ವಾಮಿಗಳು.

ಜನ ಒಬ್ಬೊಬ್ಬರಾಗಿ ಎದ್ದರು. ಅಡ್ಡಬೀಳಬೇಕೋ ಬೇಡವೋ ಎಂದು ತಿಳಿಯದೆ ನಿಂತ ಸೋಮಶೇಖರಪ್ಪನವರು ಕೊನೆಗೆ ಬಿದ್ದರು. ಎಂದಿಗಿಂತ ಹೆಚ್ಚು ಹೊತ್ತು ಹಣೆಯನ್ನು ನೆಲದ ಮೇಲೇ ಇಟ್ಟಿದ್ದರು. ಏಳುವಾಗ, ಅಂಗಡಿಯ ಪಟ ತೆಗೆಸುತ್ತೇನೆ ಬುದ್ಧಿ, ಊರಿನಲ್ಲಿ ಹಂಚಿದ್ದನ್ನೂ ವಾಪಸ್ಸು ತರಿಸುತ್ತೇನೆ ಎಂದು ಮಣೆಗೆ ಕೇಳುವಷ್ಟೇ ದನಿಯಲ್ಲಿ ಹೇಳಿ ಹೋದರು.

ನಯನ ಅಡ್ಡಬಿದ್ದು ಎದ್ದಾಗ ಸ್ವಾಮಿಗಳು ಅವಳ ಕೈಯಲ್ಲಿದ್ದ ಪ್ರಿಂಟನ್ನು ಕೇಳಿ ಪಡೆದರು. ಹಿರಿಯ ಗುರುಗಳನ್ನು ದಾಟಿ, ತಮ್ಮನ್ನು ದಾಟಿ, ಮೂರನೆಯ ಚೌಕಟ್ಟಿಗೆ ಬೆರಳು ತಂದರು.

"ಇವನು ಯಾರು?"

"ಗೊತ್ತಿಲ್ಲ ಬುದ್ಧಿ. ಯಾರೋ. ಥೀಮಿನ ಜೊತೆ ಬಂದಿರ್ತಾನೆ. ಎಲ್ಲೆಲ್ಲಿಯವರೋ ಇವನನ್ನ ಇಟ್ಕೊಳ್ತಾರೆ, ಆಮೇಲೆ ತೆಗೀತಾರೆ. ಕೆಲವು ಕಡೆ ಹಾಗೇ ಉಳಿದಿರ್ತಾನೆ."

ಹೊಳೆಯ ಗಾಳಿಗೆ ಕಾಗದ ಪಟಪಟ ಎಂದಿತು. ಸ್ವಾಮಿಗಳು ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು, ಮುಖ ಮುಚ್ಚದ ಹಾಗೆ. ನಗುತ್ತಿದ್ದ ಆ ಅಪರಿಚಿತನನ್ನು ಬಹಳ ಹೊತ್ತು ನೋಡಿದರು.

"ಇವನ ತಾಯಿಗೆ ಗೊತ್ತೇನವ್ವಾ?" ಎಂದು ಕೇಳಿದರು.